ಹಿಮದ ನಾಡಿನಲ್ಲಿ ಹಿತ್ತಲ ಕೋಳಿ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಜನವರಿ ತಿಂಗಳ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಅಂಗಳದ ತುಂಬ ಮೊಣಕಾಲುದ್ದ ಹಿಮ ಬಿದ್ದಿದೆ. ಉಷ್ಣತೆ ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಇದು ಅಲ್ಲಿ ವಿಶೇಷವೇನೂ ಅಲ್ಲ, ವಾಡಿಕೆಯ ಚಳಿ. ಮನೆಯ ಹಿತ್ತಲಿನಲ್ಲಿ ಮರದ ಹಲಗೆಯಿಂದ ಕಟ್ಟಿದ ಒಂದು ಪುಟ್ಟ ಕೋಳಿಮನೆ, ಅದರೊಳಗೆ ಹತ್ತು ಕೋಳಿಗಳು. ಅಲ್ಲಿ ಒಲೆಯಿಲ್ಲ, ಹೀಟರ್ ಇಲ್ಲ. ಸಾಲದೆಂಬಂತೆ ಸೂರಿನ ಕೆಳಗಿರುವ ಗವಾಕ್ಷಿಗಳನ್ನು ಮನೆಯವರು ಬೇಕೆಂದೇ ತೆರೆದಿಟ್ಟಿದ್ದಾರೆ! ಆದರೂ ಬೆಳಗ್ಗೆ ಬಾಗಿಲು ತೆಗೆದಾಗ ಹತ್ತೂ ಕೋಳಿಗಳು ಧುಮುಕಿ ಬಂದು ಕಾಳಿಗೆ ಮುತ್ತಿಕೊಳ್ಳುತ್ತವೆ.

ಈಗ ಇನ್ನೊಂದು ಮನೆಯನ್ನು ಊಹಿಸಿಕೊಳ್ಳಿ. ಇಲ್ಲಿಯೂ ಹತ್ತು ಕೋಳಿಗಳಿವೆ. ಪಾಪ, ಚಳಿಯಲ್ಲಿ ನಡುಗುತ್ತವಲ್ಲ ಎಂಬ ಮರುಕದಿಂದ ಮನೆಯವರು ಸಂದುಗೊಂದುಗಳಿಗೆಲ್ಲ ಬಟ್ಟೆ ತುರುಕಿ, ಕಿಟಕಿಗೆ ಪ್ಲಾಸ್ಟಿಕ್ ಹೊಡೆದು, ಬಾಗಿಲನ್ನು ಭದ್ರವಾಗಿ ಮುಚ್ಚಿದ್ದಾರೆ. ಕೆಲವೇ ವಾರಗಳಲ್ಲಿ ಇಲ್ಲಿನ ಹುಂಜದ ಜುಟ್ಟಿನ ತುದಿ ಕಪ್ಪಾಗುತ್ತದೆ, ಕೋಳಿಗಳ ಕಣ್ಣಲ್ಲಿ ನೀರು ಸುರಿಯುತ್ತದೆ, ಒಂದೊಂದಾಗಿ ಗೊರಗೊರ ಉಸಿರಾಡತೊಡಗುತ್ತವೆ.

ಮುಚ್ಚಿದ ಮನೆಯಲ್ಲಿ ರೋಗ, ತೆರೆದ ಮನೆಯಲ್ಲಿ ಆರೋಗ್ಯ! ಕೇಳುವುದಕ್ಕೆ ತಲೆಕೆಳಗಾದ ಮಾತಿನಂತಿದೆ. ಆದರೆ ಚಳಿನಾಡುಗಳಲ್ಲಿ ಕೋಳಿ ಸಾಕುವವರು ಮೊದಲು ಕಲಿಯಬೇಕಾದ ಪಾಠ ಇದೇ. ಕೋಳಿಗೆ ಚಳಿಗಿಂತ ದೊಡ್ಡ ಶತ್ರು ತೇವ. ಅದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಇದರಲ್ಲಿ ನಿಮ್ಮ ಭೌತಶಾಸ್ತ್ರವೂ ಬರುತ್ತದೆ, ಜೀವಶಾಸ್ತ್ರವೂ ಬರುತ್ತದೆ.

ಕಾಡಿನ ಹಕ್ಕಿ ಹಿಮಕ್ಕೆ ಹೋದದ್ದು

ಕೋಳಿ ಮೂಲತಃ ಬಿಸಿಲು ನಾಡಿನ ಹಕ್ಕಿ. ಇಂದು ಜಗತ್ತಿನ ಎಲ್ಲ ಸಾಕುಕೋಳಿಗಳಿಗೂ ಪೂರ್ವಜನೆಂದರೆ ದಕ್ಷಿಣ ಮತ್ತು ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ ಮೂಳೆಗಳನ್ನು ಆಧರಿಸಿ, ಸುಮಾರು 3500 ವರ್ಷಗಳ ಹಿಂದೆ, ಭತ್ತ ಮತ್ತು ಸಿರಿಧಾನ್ಯದ ಹೊಲಗಳಿಗೆ ಕಾಳಿನ ಆಸೆಯಿಂದ ಬಂದ ಕಾಡುಕೋಳಿ ಮನುಷ್ಯನ ಬಳಿ ಉಳಿದುಕೊಂಡಿತೆಂದು 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳುತ್ತದೆ. ಅಲ್ಲಿಂದ ಮನುಷ್ಯನ ಬುಟ್ಟಿಯಲ್ಲಿ, ಹಡಗಿನಲ್ಲಿ, ಬಂಡಿಯಲ್ಲಿ ಕೂತು ಅದು ಜಗತ್ತನ್ನೆಲ್ಲ ಸುತ್ತಿತು.

ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೂದು ಕಾಡುಕೋಳಿ ಇದೆಯಲ್ಲ, ಅದಕ್ಕೂ ಈ ಕಥೆಯಲ್ಲಿ ಒಂದು ಪಾಲುಂಟು. ಅನೇಕ ಸಾಕುಕೋಳಿಗಳ ಚರ್ಮ ಮತ್ತು ಕಾಲು ಹಳದಿಯಾಗಿರುತ್ತವೆ. ಈ ಹಳದಿ ಬಣ್ಣದ ಜೀನ್ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ತಳಿವಿಜ್ಞಾನಿಗಳು ತೋರಿಸಿದರು. ಕ್ವಿಬೆಕ್ಕಿನ ಹಿಮದಲ್ಲಿ ಹೆಜ್ಜೆಯಿಡುವ ಹಳದಿ ಕಾಲಿನ ಕೋಳಿಯಲ್ಲಿ ಹೀಗೆ ದಕ್ಷಿಣ ಭಾರತದ ಕಾಡಿನ ಒಂದು ಗುರುತು ಉಳಿದಿದೆ.

ಮೈಯೇ ಒಲೆ, ಪುಕ್ಕವೇ ಕಂಬಳಿ

ಬಿಸಿಲಿನ ಹಕ್ಕಿ ಹಿಮದಲ್ಲಿ ಬದುಕುವುದು ಹೇಗೆ? ಕೋಳಿಯ ಮೈಯ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಮಗೆ ಅಷ್ಟು ಏರಿದರೆ ಆಸ್ಪತ್ರೆಗೆ ಓಡಬೇಕು, ಕೋಳಿಗೆ ಅದೇ ಸಹಜ. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದರೆ ಒಳಗೂ ಹೊರಗೂ 56 ಡಿಗ್ರಿಗಳ ಅಂತರ. ಈ ಅಂತರವನ್ನು ಕಾಯುವುದು ಒಂದೆರಡು ಅಂಗುಲದ ಪುಕ್ಕದ ಹೊದಿಕೆ.

ಪುಕ್ಕಕ್ಕೆ ತನ್ನದೇ ಆದ ಶಾಖವಿಲ್ಲ. ಅದು ಮಾಡುವುದಿಷ್ಟೇ: ಗಾಳಿಯನ್ನು ಅಲುಗದಂತೆ ಹಿಡಿದಿಡುವುದು. ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಚಳಿಯಾದಾಗ ಕೋಳಿ ಪುಕ್ಕ ಕೆದರಿಕೊಂಡು ಚೆಂಡಿನಂತೆ ಕೂರುವುದನ್ನು ನೀವು ನೋಡಿರಬಹುದು. ಆಗ ಅದು ತನ್ನ ಸುತ್ತಲಿನ ಗಾಳಿಯ ಪದರವನ್ನು ದಪ್ಪ ಮಾಡಿಕೊಳ್ಳುತ್ತಿರುತ್ತದೆ. ಎರಡು ಸಂಗತಿಗಳು ಈ ಹೊದಿಕೆಯನ್ನು ಕೆಡಿಸುತ್ತವೆ. ಒಂದು, ಪುಕ್ಕವನ್ನು ಸೀಳಿಕೊಂಡು ಬೀಸುವ ನೇರ ಗಾಳಿ. ಇನ್ನೊಂದು, ನೀರು. ಒದ್ದೆಯಾದ ಪುಕ್ಕ ಅಂಟಿಕೊಂಡು ಚಪ್ಪಟೆಯಾಗುತ್ತದೆ, ಗಾಳಿಯ ಪದರ ಹೋಗುತ್ತದೆ. ಒದ್ದೆ ಕಂಬಳಿ ಹೊದ್ದವನ ಗತಿಯೇ ಕೋಳಿಗೂ.

ಹೊದಿಕೆಯಾಯಿತು, ಒಲೆ ಯಾವುದು? ತಿಂದ ಕಾಳೇ ಒಲೆಯ ಸೌದೆ. ಮೊಟ್ಟೆಯಿಡುವ ಒಂದು ಕೋಳಿ ದಿನಕ್ಕೆ ಸುಮಾರು 110ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ಚಳಿಗಾಲದಲ್ಲಿ ಅದಕ್ಕೂ ಹೆಚ್ಚು. ಅದರಿಂದ ಹುಟ್ಟುವ ಶಾಖ ಸುಮಾರು 10 ವ್ಯಾಟ್. ಹಿಂದೆ ನಮ್ಮ ಮನೆಗಳಲ್ಲಿ ರಾತ್ರಿಯಿಡೀ ಉರಿಯುತ್ತಿದ್ದ ಜೀರೋ ಬಲ್ಬಿನಷ್ಟು ಎಂದಿಟ್ಟುಕೊಳ್ಳಿ. ಹತ್ತು ಕೋಳಿಗಳು ಒತ್ತೊತ್ತಾಗಿ ಕೂತರೆ ನೂರು ವ್ಯಾಟಿನ ಒಂದು ಹೀಟರ್ ತಾನಾಗಿಯೇ ಸಿದ್ಧವಾಯಿತು. ರಾತ್ರಿ ಮಲಗುವ ಮುನ್ನ ಒಂದು ಹಿಡಿ ಮುಸುಕಿನ ಜೋಳವನ್ನೋ ಗೋಧಿಯನ್ನೋ ಹಾಕುವ ರೂಢಿ ಆ ನಾಡುಗಳಲ್ಲಿದೆ. ಕೋಳಿಯ ಕೊರಳಚೀಲದಲ್ಲಿ ಕೂತ ಕಾಳು ರಾತ್ರಿಯೆಲ್ಲ ನಿಧಾನವಾಗಿ ಕರಗುತ್ತ ಶಾಖ ಕೊಡುತ್ತದೆ.

ಪುಕ್ಕವಿಲ್ಲದ ಕಾಲಿನ ಪಾಡೇನು? ಇಲ್ಲಿ ಪ್ರಕೃತಿಯ ಒಂದು ಜಾಣ್ಮೆಯಿದೆ. ಕಾಲಿಗೆ ಇಳಿಯುವ ಬಿಸಿ ರಕ್ತದ ನಾಳಗಳೂ ಕಾಲಿನಿಂದ ಏರುವ ತಣ್ಣನೆಯ ರಕ್ತದ ನಾಳಗಳೂ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಇಳಿಯುವ ರಕ್ತ ತನ್ನ ಶಾಖವನ್ನು ದಾರಿಯಲ್ಲೇ ಏರುವ ರಕ್ತಕ್ಕೆ ಕೊಟ್ಟುಬಿಡುತ್ತದೆ. ಹೀಗಾಗಿ ಪಾದ ತಣ್ಣಗಿದ್ದರೂ ಶಾಖ ಹಿಮಕ್ಕೆ ಸೋರಿಹೋಗದೆ ಮೈಗೇ ಮರಳುತ್ತದೆ. ಕೋಳಿ ಒಂದು ಕಾಲನ್ನು ಎತ್ತಿ ಹೊಟ್ಟೆಯ ಪುಕ್ಕದೊಳಗೆ ಹುದುಗಿಸಿಕೊಳ್ಳುವುದು ಇದಕ್ಕೆ ಇನ್ನೊಂದು ನೆರವು. ತಿಳಿದ ಸಾಕಣೆಗಾರರು ರಾತ್ರಿ ಕೂರುವ ಗಳವನ್ನು ದುಂಡಗೆ ಮಾಡುವುದಿಲ್ಲ. ನಾಲ್ಕು ಬೆರಳಗಲದ ಮರದ ಪಟ್ಟಿಯನ್ನು ಚಪ್ಪಟೆಯಾಗಿ ಹಾಕುತ್ತಾರೆ. ಕೋಳಿ ಅದರ ಮೇಲೆ ಪಾದ ಬಿಡಿಸಿ ಕೂತರೆ ಎದೆಯ ಪುಕ್ಕ ಬೆರಳುಗಳನ್ನು ಪೂರ್ತಿ ಮುಚ್ಚುತ್ತದೆ. ಕಬ್ಬಿಣದ ಪೈಪನ್ನಂತೂ ಯಾರೂ ಹಾಕಬಾರದು. ಲೋಹ ಶಾಖವನ್ನು ಎಷ್ಟು ಬೇಗ ಎಳೆದುಕೊಳ್ಳುತ್ತದೆಂಬುದು ನಿಮಗೆ ಗೊತ್ತೇ ಇದೆ.

ಜುಟ್ಟಿನ ಸಮಸ್ಯೆ, ಓಕಾದ ಉತ್ತರ

ಎಲ್ಲವೂ ಸರಿ, ಆದರೆ ಕೋಳಿಯ ತಲೆಯ ಮೇಲೊಂದು ದುರ್ಬಲ ಜಾಗವಿದೆ. ಅದೇ ಜುಟ್ಟು. ಗಲ್ಲದ ಕೆಳಗೆ ತೂಗುವ ಕೆಂಪು ಜೋಲು ಕೂಡ ಹಾಗೆಯೇ. ಇವಕ್ಕೆ ಪುಕ್ಕದ ರಕ್ಷಣೆ ಇಲ್ಲ, ಒಳಗೆ ಮಾತ್ರ ರಕ್ತನಾಳಗಳ ಬಲೆಯೇ ಇದೆ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲವಾದ್ದರಿಂದ ಸೆಖೆಯಲ್ಲಿ ಈ ಜುಟ್ಟು ಬಹಳ ಉಪಕಾರಿ. ರಾಯಚೂರು, ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಲೆಗ್‌ಹಾರ್ನ್ ಕೋಳಿಯ ದೊಡ್ಡ ಜುಟ್ಟು ಮೋಟಾರಿನ ರೇಡಿಯೇಟರಿನಂತೆ ಮೈಯ ಶಾಖವನ್ನು ಹೊರಹಾಕುತ್ತದೆ. ಅದೇ ಜುಟ್ಟು ಕ್ವಿಬೆಕ್ಕಿನಲ್ಲಿ ಶಾಪ. ತೀವ್ರ ಚಳಿಯಲ್ಲಿ ಅದರೊಳಗಿನ ರಕ್ತಸಂಚಾರ ನಿಂತು, ಜೀವಕೋಶಗಳ ನೀರು ಹೆಪ್ಪುಗಟ್ಟಿ, ತುದಿ ಮೊದಲು ಬಿಳಿಚಿಕೊಂಡು ಆಮೇಲೆ ಕಪ್ಪಾಗಿ ಸತ್ತುಹೋಗುತ್ತದೆ. ಇದನ್ನೇ ಹಿಮ ಕಚ್ಚುವುದು ಎನ್ನುತ್ತಾರೆ. ನೋವಿನಿಂದ ಹುಂಜ ಮಂಕಾಗುತ್ತದೆ, ಹೇಂಟೆ ಮೊಟ್ಟೆ ನಿಲ್ಲಿಸುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆನಡಾದ ರೈತರು ಸಾಕುತ್ತಿದ್ದ ಹೆಸರಾಂತ ತಳಿಗಳೆಲ್ಲ ಹೊರಗಿನಿಂದ ಬಂದವು. ಮೊಟ್ಟೆಗೆ ಹೆಸರಾದ ಲೆಗ್‌ಹಾರ್ನ್ ಇಟಲಿಯ ಮೂಲದ್ದು. ಅದರ ಜುಟ್ಟು ದೊಡ್ಡದು. ಮಾಂಟ್ರಿಯಲ್ ನಗರದ ಪಶ್ಚಿಮಕ್ಕಿರುವ ಓಕಾ ಎಂಬಲ್ಲಿ ಟ್ರಾಪಿಸ್ಟ್ ಸನ್ಯಾಸಿಗಳ ಮಠವೂ ಅದಕ್ಕೆ ಸೇರಿದ ಕೃಷಿ ಶಾಲೆಯೂ ಇದ್ದವು. ಅಲ್ಲಿನ ಕೋಳಿಗಳ ಉಸ್ತುವಾರಿ ಬ್ರದರ್ ವಿಲ್‌ಫ್ರಿಡ್ ಶಾತಲೇನ್ ಎಂಬುವರದು. ಚಳಿಗಾಲದಲ್ಲೂ ಮೊಟ್ಟೆಯಿಡಬೇಕು, ಮಾಂಸಕ್ಕೂ ಒದಗಬೇಕು, ಜುಟ್ಟು ಇದ್ದೂ ಇಲ್ಲದಂತಿರಬೇಕು: ಇಂಥದೊಂದು ಕೆನಡಾದ ಕೋಳಿಯನ್ನು ರೂಪಿಸಲು ಅವರು 1908ರಲ್ಲಿ ತೊಡಗಿದರು.

ಅವರ ದಾರಿ ಹೀಗಿತ್ತು. ಒಂದು ಕಡೆ ಕಾರ್ನಿಷ್ ಹುಂಜಕ್ಕೆ ಬಿಳಿ ಲೆಗ್‌ಹಾರ್ನ್ ಹೇಂಟೆ. ಇನ್ನೊಂದು ಕಡೆ ರೋಡ್ ಐಲೆಂಡ್ ರೆಡ್ ಹುಂಜಕ್ಕೆ ಬಿಳಿ ವಯಾಂಡಾಟ್ ಹೇಂಟೆ. ಈ ಎರಡು ಜೋಡಿಗಳ ಮರಿಗಳನ್ನು ಪರಸ್ಪರ ಕೂಡಿಸಿ, ಅವುಗಳ ಸಂತತಿಗೆ ಬಿಳಿ ಪ್ಲಿಮತ್ ರಾಕ್ ಹುಂಜವನ್ನು ಕೂಡಿಸಿದರು. ಆಮೇಲೆ ಆಯ್ಕೆ, ಮರು ಆಯ್ಕೆ. ಹತ್ತು ವರ್ಷಗಳ ತಾಳ್ಮೆಯ ಕೆಲಸ. 1918ರಲ್ಲಿ ಹೊಸ ಕೋಳಿ ಲೋಕದ ಮುಂದೆ ಬಂತು. ಹೆಸರು ಶಾಂತಕ್ಲೇರ್. ಫ್ರೆಂಚ್ ಭಾಷೆಯ ‘ಹಾಡು’ ಮತ್ತು ‘ಸ್ಪಷ್ಟ’ ಎಂಬ ಎರಡು ಪದಗಳಿಂದ ಮಾಡಿದ ಹೆಸರು. 1921ರಲ್ಲಿ ಅಮೆರಿಕದ ಕೋಳಿ ಸಾಕಣೆ ಸಂಘ ಅದನ್ನು ಪ್ರತ್ಯೇಕ ತಳಿಯೆಂದು ಮಾನ್ಯಮಾಡಿತು. ಬಿಳಿಯ ಮೈ, ಹಳದಿ ಕಾಲು, ಹೇಂಟೆಯ ತೂಕ ಸುಮಾರು 3 ಕಿಲೋ, ಹುಂಜದ್ದು 4 ಕಿಲೋಗೆ ಸಮೀಪ. ತಲೆಯ ಮೇಲೆ ಮೂಗಿನ ಹತ್ತಿರ ಒತ್ತಿಕೊಂಡ ಒಂದು ಪುಟ್ಟ ದಿಂಬಿನಂಥ ಜುಟ್ಟು ಮಾತ್ರ.

ಜೀವಶಾಸ್ತ್ರ ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಜೀನುಗಳ ಪರಸ್ಪರ ಕ್ರಿಯೆ ಎಂಬ ಪಾಠದಲ್ಲಿ ಕೋಳಿಜುಟ್ಟಿನ ಉದಾಹರಣೆ ಬರುತ್ತದೆ. ಓಕಾದ ಕೆಲಸಕ್ಕೆ ತುಸು ಮೊದಲು, ಇಂಗ್ಲೆಂಡಿನಲ್ಲಿ ಬೇಟ್‌ಸನ್ ಮತ್ತು ಪನ್ನೆಟ್ ಎಂಬ ವಿಜ್ಞಾನಿಗಳು ಗುಲಾಬಿ ಜುಟ್ಟಿನ ಕೋಳಿಗೂ ಬಟಾಣಿ ಜುಟ್ಟಿನ ಕೋಳಿಗೂ ಸಂಕರ ಮಾಡಿದರು. ಹುಟ್ಟಿದ ಮರಿಗಳಿಗೆ ತಾಯಿಯದೂ ಅಲ್ಲದ ತಂದೆಯದೂ ಅಲ್ಲದ ಮೂರನೆಯ ಬಗೆಯ ಜುಟ್ಟು, ಅಂದರೆ ಅಕ್ರೋಟು ಜುಟ್ಟು ಬಂತು. ಆ ಮರಿಗಳನ್ನೇ ಮತ್ತೆ ಕೂಡಿಸಿದಾಗ ಅಕ್ರೋಟು, ಗುಲಾಬಿ, ಬಟಾಣಿ, ಒಂಟಿ ಎಂಬ ನಾಲ್ಕು ಬಗೆಗಳು 9:3:3:1 ಪ್ರಮಾಣದಲ್ಲಿ ಕಾಣಿಸಿದವು. ಪರೀಕ್ಷೆಗೆ ಬಾಯಿಪಾಠ ಮಾಡುವ ಈ ಅನುಪಾತಕ್ಕೆ ಓಕಾದ ಕೋಳಿಮನೆಯಲ್ಲಿ ಒಂದು ಉಪಯೋಗ ಸಿಕ್ಕಿತೆನ್ನಬಹುದು. ವಯಾಂಡಾಟ್ ಕೋಳಿಯದು ಗುಲಾಬಿ ಜುಟ್ಟು, ಕಾರ್ನಿಷ್ ಕೋಳಿಯದು ಬಟಾಣಿ ಜುಟ್ಟು. ಇವೆರಡರ ಕೂಡಿಕೆಯಿಂದ ಬರುವ ಗಿಡ್ಡ ಜುಟ್ಟನ್ನು ಇನ್ನೂ ಕುಗ್ಗಿಸುತ್ತ ಹೋದುದರ ಫಲ ಆ ದಿಂಬುಜುಟ್ಟು. ಲೆಗ್‌ಹಾರ್ನ್ ಮತ್ತು ಪ್ಲಿಮತ್ ರಾಕ್ ಕೋಳಿಗಳ ಒಂಟಿ ಜುಟ್ಟು ನಡುನಡುವೆ ತಲೆಯೆತ್ತುವುದು ಸಹಜ. ಅಂಥವನ್ನು ತೆಗೆದುಹಾಕುತ್ತ ಬರಲು ಅಷ್ಟು ವರ್ಷಗಳು ಬೇಕಾದವು.

ಇಂಥ ತಳಿಗೂ ಕಷ್ಟಕಾಲ ಬಂತು. ಶಾಖ, ಬೆಳಕು ಎರಡನ್ನೂ ಯಂತ್ರವೇ ನೋಡಿಕೊಳ್ಳುವ ದೊಡ್ಡ ಕೋಳಿ ಕಾರ್ಖಾನೆಗಳು ಬಂದ ಮೇಲೆ ಚಳಿ ತಡೆಯುವ ಕೋಳಿ ಯಾರಿಗೆ ಬೇಕು? 1970ರ ದಶಕದ ಕೊನೆಯ ಹೊತ್ತಿಗೆ ಶಾಂತಕ್ಲೇರ್ ನಾಮಾವಶೇಷವಾಯಿತೆಂದೇ ಹಲವರು ತಿಳಿದಿದ್ದರು. ಆಮೇಲೆ ನೋಡಿದರೆ ಅಲ್ಲೊಂದು ಇಲ್ಲೊಂದು ರೈತನ ಹಿತ್ತಲಿನಲ್ಲಿ ಅದು ಉಳಿದುಕೊಂಡಿತ್ತು! 1999ರಲ್ಲಿ ಕ್ವಿಬೆಕ್ ಪ್ರಾಂತ ಕಾನೂನು ಮಾಡಿ, ತನ್ನ ನಾಡಿನ ಒಂದು ಕುದುರೆ ಮತ್ತು ಒಂದು ಹಸುವಿನ ತಳಿಯ ಜೊತೆಗೆ ಈ ಕೋಳಿಯನ್ನೂ ಕೃಷಿ ಪರಂಪರೆಯ ತಳಿಯೆಂದು ಸಾರಿತು. ನಮ್ಮಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕೋಳಿಯ ಹಿಂದೆಯೂ ಇಂಥದೇ ವಿಚಾರವಿದೆ. ಕಾರ್ಖಾನೆಯಲ್ಲಿ ಅಲ್ಲ, ಹಳ್ಳಿಯ ಹಿತ್ತಲಿನಲ್ಲಿ ಕೆದಕಿ ತಿಂದು ಬೆಳೆಯಬೇಕಾದ ಕೋಳಿ ಅದು. ಅಲ್ಲಿ ಎದುರಿಸಬೇಕಾದದ್ದು ಹಿಮ, ಇಲ್ಲಿ ಬಿಸಿಲು ಮತ್ತು ಬಡತನ.

ತೇವದ ಲೆಕ್ಕ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಬೇಸಿಗೆಯಲ್ಲಿ ಸ್ಟೀಲ್ ಲೋಟಕ್ಕೆ ತಣ್ಣೀರು ತುಂಬಿಟ್ಟರೆ ಹೊರಮೈಯಲ್ಲಿ ಹನಿಗಳು ಮೂಡುತ್ತವೆ. ನೀರು ಲೋಟದಿಂದ ಸೋರಿದ್ದಲ್ಲ; ಗಾಳಿಯಲ್ಲಿದ್ದ ಆವಿ ತಣ್ಣನೆಯ ಲೋಟ ತಾಗಿ ಹನಿಯಾದದ್ದು. ತಣ್ಣನೆಯ ಗಾಳಿಗೆ ಆವಿಯನ್ನು ಹಿಡಿದಿಡುವ ಶಕ್ತಿ ಕಡಿಮೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿಯನ್ನು ಹಿಡಿಯಬಲ್ಲದು. ಸೊನ್ನೆ ಡಿಗ್ರಿಯಲ್ಲಿ ಸುಮಾರು 4.8 ಗ್ರಾಂ. ಸೊನ್ನೆಗಿಂತ 10 ಡಿಗ್ರಿ ಕೆಳಗೆ ಹೋದರೆ 2.3 ಗ್ರಾಂ ಮಾತ್ರ.

ಈಗ ನಮ್ಮ ಹತ್ತು ಕೋಳಿಗಳ ಮನೆ ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರ ಇದೆಯೆಂದು ಭಾವಿಸಿ. ಅದರಲ್ಲಿ 10 ಘನ ಮೀಟರ್ ಗಾಳಿಯಿದೆ. ಒಳಗಿನ ಉಷ್ಣತೆ ಸೊನ್ನೆ ಡಿಗ್ರಿ ಇದ್ದರೆ ಆ ಗಾಳಿ ಹಿಡಿಯಬಲ್ಲದ್ದು 48 ಗ್ರಾಂ ಆವಿ, ಅಂದರೆ ಅರ್ಧ ಲೋಟ ನೀರೂ ಅಲ್ಲ. ಒಂದು ಕೋಳಿ ದಿನಕ್ಕೆ ಕುಡಿಯುವ ನೀರು ಸುಮಾರು 200 ಮಿಲಿಲೀಟರ್. ಹತ್ತಕ್ಕೆ ಎರಡು ಲೀಟರ್. ಮೊಟ್ಟೆಗೆ ಹೋಗುವುದು ಸ್ವಲ್ಪವೇ. ಉಳಿದದ್ದೆಲ್ಲ ಉಸಿರಿನಲ್ಲಿ ಆವಿಯಾಗಿ, ಹಿಕ್ಕೆಯಲ್ಲಿ ತೇವವಾಗಿ ಹೊರಬರುತ್ತದೆ. ಅದರಲ್ಲಿ ಒಂದೂವರೆ ಲೀಟರ್ ಗಾಳಿ ಸೇರಿತು ಎನ್ನೋಣ. 48 ಗ್ರಾಂ ಹಿಡಿಯುವ ಪಾತ್ರೆಗೆ 1500 ಗ್ರಾಂ ಸುರಿದಂತಾಯಿತು! ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ಗೋಡೆಗೆ, ಮಾಡಿಗೆ, ಹಾಸಿಗೆ, ಪುಕ್ಕಕ್ಕೆ, ಜುಟ್ಟಿಗೆ. ತೇವ ಕೂತ ಜುಟ್ಟು ಒಣ ಜುಟ್ಟಿಗಿಂತ ಬೇಗ ಹೆಪ್ಪುಗಟ್ಟುತ್ತದೆ. ಮುಚ್ಚಿದ ಮನೆಯ ಹುಂಜದ ಜುಟ್ಟು ಕಪ್ಪಾದದ್ದು ಇದರಿಂದ.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿದರೆ ಪರಿಹಾರವೂ ಅಲ್ಲೇ ಸಿಗುತ್ತದೆ. ಹೊರಗಿನ ಚಳಿಗಾಳಿ ಒಳಗೆ ಬರುವಾಗ ಘನ ಮೀಟರಿಗೆ ಹೆಚ್ಚೆಂದರೆ 2.3 ಗ್ರಾಂ ಆವಿ ತರುತ್ತದೆ. ಒಳಗೆ ಕೋಳಿಗಳ ಶಾಖಕ್ಕೆ ಸೊನ್ನೆ ಡಿಗ್ರಿಗೆ ಏರಿ, 4.8 ಗ್ರಾಂ ಹೊತ್ತುಕೊಂಡು ಹೋಗಬಲ್ಲದು. ಅಂದರೆ ಪ್ರತಿ ಘನ ಮೀಟರ್ ಗಾಳಿ ಎರಡೂವರೆ ಗ್ರಾಂ ತೇವವನ್ನು ಹೊರಗೆ ಸಾಗಿಸುತ್ತದೆ. 1500 ಗ್ರಾಂ ಸಾಗಿಸಲು 600 ಘನ ಮೀಟರ್ ಬೇಕು. ದಿನಕ್ಕೆ ಅರುವತ್ತು ಸಲ, ಗಂಟೆಗೆ ಎರಡೂವರೆ ಸಲ ಆ ಮನೆಯ ಗಾಳಿಯೆಲ್ಲ ಬದಲಾಗಬೇಕು. ಸಂದಿಗೆ ಬಟ್ಟೆ ತುರುಕಿದರೆ ಇದು ಸಾಧ್ಯವೇ?

ಹಾಗೆಂದು ಗೋಡೆ ಕಿತ್ತು ಹಾಕಬೇಕಿಲ್ಲ. ಉಸಿರಿನ ಬಿಸಿ ಆವಿ ಮೇಲೇರುತ್ತದೆ. ಆದ್ದರಿಂದ ಗವಾಕ್ಷಿಗಳು ಸೂರಿನ ಅಡಿಯಲ್ಲಿ, ಕೂತ ಕೋಳಿಗಳ ತಲೆಗಿಂತ ಸಾಕಷ್ಟು ಎತ್ತರದಲ್ಲಿರಬೇಕು. ಆಗ ತೇವ ಹೊರಹೋಗುತ್ತದೆ, ಗಾಳಿ ಮಾತ್ರ ಕೋಳಿಯ ಪುಕ್ಕವನ್ನು ಸೀಳುವುದಿಲ್ಲ. ಗಾಳಿಯಾಟ ಬೇಕು, ಗಾಳಿಯ ಹೊಡೆತ ಬೇಡ. ಗವಾಕ್ಷಿಗೆ ಅರ್ಧ ಅಂಗುಲದ ಗಟ್ಟಿ ತಂತಿಬಲೆ ಕಟ್ಟುವುದನ್ನು ಮರೆಯುವಂತಿಲ್ಲ. ಹಸಿದ ವೀಸಲ್ ಎಂಬ ಮುಂಗುಸಿಯಂಥ ಪುಟ್ಟ ಪ್ರಾಣಿ ಅಲ್ಲಿ ಬೆರಳು ತೂರುವಷ್ಟು ಸಂದಿನಲ್ಲೂ ನುಗ್ಗುತ್ತದೆ.

ನೆಲದ ಮೇಲಿನ ಹಾಸು ಕೂಡ ತೇವದ ಕಥೆಗೇ ಸೇರಿದ್ದು. ಹತ್ತರಿ ಹೊಡೆದಾಗ ಬೀಳುವ ಮರದ ಚಕ್ಕೆ ಅಥವಾ ಹುಲ್ಲನ್ನು ಒಂದು ಗೇಣು ದಪ್ಪ ಹರಡಿ, ಚಳಿಗಾಲವಿಡೀ ಅದರ ಮೇಲೆಯೇ ಹೊಸದನ್ನು ಹಾಕುತ್ತ ಹೋಗುತ್ತಾರೆ. ನಮ್ಮಲ್ಲಿ ಭತ್ತದ ಹೊಟ್ಟಿನಿಂದ ಮಾಡುವ ಡೀಪ್ ಲಿಟರ್ ಪದ್ಧತಿಯೂ ಇದೇ ಕುಟುಂಬದ್ದು. ಕೋಳಿಗಳು ಕೆದಕುತ್ತಿದ್ದರೆ ಹಿಕ್ಕೆ ಹಾಸಿನಲ್ಲಿ ಬೆರೆತು ಒಣಗುತ್ತದೆ, ಸೂಕ್ಷ್ಮಜೀವಿಗಳು ಅದನ್ನು ಗೊಬ್ಬರವಾಗಿಸುತ್ತವೆ. ಹಾಸು ಒದ್ದೆಯಾಗಿ ಅಂಟಿಕೊಂಡರೆ ಕೆಲಸ ಕೆಟ್ಟಿತು. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲ ಅಮೋನಿಯಾ ಅನಿಲವಾಗುತ್ತದೆ. ಅದು ಕಣ್ಣನ್ನೂ ಶ್ವಾಸನಾಳವನ್ನೂ ಸುಡುತ್ತದೆ. ಪರೀಕ್ಷೆ ಸುಲಭ. ಬೆಳಗ್ಗೆ ಕೋಳಿಮನೆಯ ಒಳಗೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಕೋಳಿಯ ಎತ್ತರದಲ್ಲಿ ಉಸಿರೆಳೆಯಬೇಕು. ಮೂಗು ಚುರುಗುಟ್ಟಿದರೆ ಗಾಳಿ ಸಾಲದು.

ನೀರು, ಬೆಂಕಿ, ಬೆಳಕು

ಚಳಿಗಾಲದಲ್ಲಿ ಕೋಳಿ ಸಾಕುವವರ ದಿನದ ದೊಡ್ಡ ಕೆಲಸ ಯಾವುದು ಗೊತ್ತೇ? ನೀರು ಒದಗಿಸುವುದು. ಬೆಳಗ್ಗೆ ಇಟ್ಟ ನೀರು ಮಧ್ಯಾಹ್ನಕ್ಕೆ ಮಂಜುಗಡ್ಡೆ. ಹಿಮ ಇದೆಯಲ್ಲ, ತಿನ್ನಲಿ ಎನ್ನುವವರಿದ್ದಾರೆ. 200 ಗ್ರಾಂ ಹಿಮವನ್ನು ಕರಗಿಸಿ ಮೈಯ ಬಿಸಿಗೆ ತರಲು ಕೋಳಿಗೆ ಸುಮಾರು 24 ಕಿಲೋ ಕ್ಯಾಲೊರಿ ಬೇಕು, ಅಂದರೆ ಎಂಟು ಗ್ರಾಂ ಕಾಳಿನ ಶಕ್ತಿ. ಅದು ಭಾರೀ ಹೊರೆಯೇನಲ್ಲ. ಆದರೆ ಕೋಳಿ ಅಷ್ಟು ಹಿಮ ತಿನ್ನುವುದೇ ಇಲ್ಲ. ನೀರು ಕಡಿಮೆಯಾದರೆ ಕಾಳು ತಿನ್ನುವುದನ್ನೂ ಕಡಿಮೆ ಮಾಡುತ್ತದೆ, ಒಳಗಿನ ಒಲೆ ನಂದುತ್ತದೆ. ಹಾಗಾಗಿ ಎರಡು ರಬ್ಬರ್ ಬೋಗುಣಿಗಳನ್ನಿಟ್ಟುಕೊಂಡು, ಒಂದರಲ್ಲಿ ಹೆಪ್ಪುಗಟ್ಟಿದ್ದನ್ನು ಕುಟ್ಟಿ ಕೆಡವಿ, ಇನ್ನೊಂದರಲ್ಲಿ ಬೆಚ್ಚನೆಯ ನೀರಿಡುತ್ತಾರೆ. ಮೊಟ್ಟೆಗಳನ್ನೂ ದಿನಕ್ಕೆ ಎರಡು ಮೂರು ಸಲ ತೆಗೆಯಬೇಕು. ನೀರು ಮಂಜಾಗುವಾಗ ಹಿಗ್ಗುವುದರಿಂದ ಬಿಟ್ಟ ಮೊಟ್ಟೆ ಸೀಳುತ್ತದೆ.

ಇಷ್ಟು ಕಷ್ಟವೇಕೆ, ಒಂದು 250 ವ್ಯಾಟಿನ ಶಾಖದೀಪ ತೂಗುಹಾಕಿದರಾಗದೇ ಎಂದು ನೀವು ಕೇಳಬಹುದು. ಮರಿಗಳಿಗೆ ಬೇಕು, ನಿಜ. ಮೊಟ್ಟೆಯಿಂದ ಹೊರಬಂದ ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಶಾಖ ಬೇಕು. ಪುಕ್ಕ ಬಂದಂತೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತ ಬರಬೇಕು. ಪುಕ್ಕ ಬಲಿತ, ಆರೋಗ್ಯವಾದ ಕೋಳಿಯ ಮಾತು ಬೇರೆ. ಒಣ ಹುಲ್ಲು, ಧೂಳು, ಹಾರುವ ಪುಕ್ಕಗಳ ನಡುವೆ ಕಾದ ದೀಪ ಎಂದರೆ ಬೆಂಕಿಗೆ ಆಹ್ವಾನ. ಕೋಳಿಯೊಂದು ಹಾರಿ ಬಡಿದು ದೀಪ ಕೆಳಗೆ ಬಿದ್ದರೆ ಸಾಕು. ಇನ್ನೊಂದು ಅಪಾಯವೂ ಇದೆ. ಶರತ್ಕಾಲದಿಂದ ವಾರ ವಾರಕ್ಕೆ ಏರುವ ಚಳಿಗೆ ಕೋಳಿಯ ಮೈ ನಿಧಾನವಾಗಿ ಹೊಂದಿಕೊಳ್ಳುತ್ತದೆ. ದೀಪದ ಬಿಸಿಗೆ ಒಗ್ಗಿದ ಕೋಳಿ ಹಾಗೆ ಹೊಂದಿಕೊಂಡಿರುವುದಿಲ್ಲ. 1998ರ ಜನವರಿಯಲ್ಲಿ ಕ್ವಿಬೆಕ್ಕಿನಲ್ಲಿ ದಿನಗಟ್ಟಲೆ ಸುರಿದ ಮಳೆ ಬಿದ್ದಲ್ಲೇ ಮಂಜುಗಡ್ಡೆಯಾಗಿ, ಅದರ ಭಾರಕ್ಕೆ ವಿದ್ಯುತ್ ಗೋಪುರಗಳು ಮುರಿದು ಬಿದ್ದವು. ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟ್ ಹೋಯಿತು. ಮಾಂಟ್ರಿಯಲ್‌ನ ದಕ್ಷಿಣದ ಕೆಲವೆಡೆ ವಾರಗಳ ಕಾಲ ಬರಲಿಲ್ಲ. ದೀಪವನ್ನೇ ನಂಬಿದ ಕೋಳಿಮನೆಗೆ ಅಂಥ ರಾತ್ರಿ ಏನಾಗಬಹುದೆಂದು ನೀವೇ ಯೋಚಿಸಿ. ನನ್ನ ಮಟ್ಟಿಗೆ ಹೇಳುವುದಾದರೆ, ಮೊದಲು ಗವಾಕ್ಷಿ, ಒಣ ಹಾಸು, ಅಗಲ ಗಳ. ಈ ಮೂರೂ ಸರಿಯಿದ್ದ ಮೇಲೂ ಸಾಲದಿದ್ದರೆ ದೀಪದ ಮಾತು.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಎಚ್ಚರಿಕೆ ಸೇರಿದೆ. 2021ರ ಡಿಸೆಂಬರ್‌ನಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಎಚ್5ಎನ್1 ಹಕ್ಕಿಜ್ವರ ಕಾಣಿಸಿಕೊಂಡು, ಮುಂದೆ ಆ ಖಂಡದಲ್ಲೆಲ್ಲ ಹರಡಿತು. ಚಳಿಗಾಲದಲ್ಲಿ ಕಾಡುಹಕ್ಕಿಗಳಿಗೆ ಆಹಾರ ಸಿಗುವುದು ಕಷ್ಟ. ಕೋಳಿಯ ಕಾಳಿಗೆ ಅವೂ ಬರುತ್ತವೆ. ಆದ್ದರಿಂದ ಕಾಳು, ನೀರು ಎರಡನ್ನೂ ಸೂರಿನಡಿಯಲ್ಲಿಯೇ ಇಡಬೇಕು.

ಕೊನೆಗೆ ಮೊಟ್ಟೆಯ ವಿಷಯ. ಚಳಿಗಾಲದಲ್ಲಿ ಕೋಳಿ ಮೊಟ್ಟೆ ನಿಲ್ಲಿಸುವುದು ಚಳಿಯಿಂದ ಎಂದು ಬಹಳ ಜನ ತಿಳಿದಿದ್ದಾರೆ. ಮುಖ್ಯ ಕಾರಣ ಚಳಿಯಲ್ಲ, ಕತ್ತಲು. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆ ಇಪ್ಪತ್ತು ನಿಮಿಷದಷ್ಟಿರುತ್ತದೆ. ಮಾಂಟ್ರಿಯಲ್‌ನಲ್ಲಿ ಡಿಸೆಂಬರ್ 21ರ ಆಸುಪಾಸು ಹಗಲು ಎಂಟೂಮುಕ್ಕಾಲು ಗಂಟೆ ಮಾತ್ರ. ಕೋಳಿ ಚೆನ್ನಾಗಿ ಮೊಟ್ಟೆಯಿಡಲು 14ರಿಂದ 16 ಗಂಟೆಗಳ ಬೆಳಕು ಬೇಕು. ಈ ಬೆಳಕನ್ನು ಹಕ್ಕಿ ಅಳೆಯುವುದು ಕಣ್ಣಿನಿಂದ ಮಾತ್ರವಲ್ಲ. 1930ರ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಎಂಬ ವಿಜ್ಞಾನಿ ಬಾತುಕೋಳಿಗಳ ಮೇಲೆ ಪ್ರಯೋಗ ಮಾಡಿ, ಬೆಳಕು ತಲೆಬುರುಡೆಯನ್ನು ದಾಟಿ ನೇರವಾಗಿ ಮೆದುಳನ್ನೇ ತಟ್ಟುತ್ತದೆಂದು ತೋರಿಸಿದರು. ಅಲ್ಲಿಂದ ಹೊರಡುವ ಸಂದೇಶ ಹಾರ್ಮೋನುಗಳ ಮೂಲಕ ಅಂಡಾಶಯವನ್ನು ಎಚ್ಚರಿಸುತ್ತದೆ.

ಮೊಟ್ಟೆ ಬೇಕೆನ್ನುವವರು ಟೈಮರ್‌ಗೆ ಜೋಡಿಸಿದ ಸಣ್ಣ ದೀಪವೊಂದನ್ನು ನಸುಕಿನಲ್ಲಿ ಹಚ್ಚುತ್ತಾರೆ. ಸಂಜೆ ಹಚ್ಚುವುದಿಲ್ಲ, ದೀಪ ತಟ್ಟನೆ ಆರಿದರೆ ನೆಲದ ಮೇಲಿದ್ದ ಕೋಳಿಗಳು ಕತ್ತಲಲ್ಲಿ ಗಳ ಹತ್ತಲಾರದೆ ಚಳಿಯಲ್ಲೇ ಉಳಿದುಬಿಡುತ್ತವೆ. ಇನ್ನು ಕೆಲವರು ದೀಪ ಬೇಡವೆನ್ನುತ್ತಾರೆ. ಶರತ್ಕಾಲದಲ್ಲಿ ಹಳೆಯ ಪುಕ್ಕ ಉದುರಿಸಿ ಹೊಸ ಪುಕ್ಕ ಬೆಳೆಸುವ ಕೋಳಿಗೆ ಬಹಳ ಪ್ರೋಟೀನ್ ಬೇಕಾಗುತ್ತದೆ. ಮೊಟ್ಟೆಗೂ ಅದೇ ಬೇಕು. ಎರಡನ್ನೂ ಒಟ್ಟಿಗೆ ಕೇಳುವುದು ನ್ಯಾಯವಲ್ಲ ಎಂಬುದು ಅವರ ವಾದ. ಎರಡು ಪಕ್ಷದಲ್ಲೂ ಅನುಭವಸ್ಥರಿದ್ದಾರೆ. ದೀಪ ಹಚ್ಚದವರ ಕೋಳಿಗಳೂ ಸುಮ್ಮನಿರುವುದಿಲ್ಲ. ಡಿಸೆಂಬರ್ ಕಳೆದ ಮೇಲೆ ಹಗಲು ದಿನಕ್ಕೆ ಒಂದೆರಡು ನಿಮಿಷದಂತೆ ಬೆಳೆಯುತ್ತದೆ. ಫೆಬ್ರವರಿಯಲ್ಲಿ ಹೊರಗೆ ಹಿಮ ಇನ್ನೂ ಹಾಗೆಯೇ ಬಿದ್ದಿರುವಾಗ, ನೀರಿನ ಬೋಗುಣಿ ಇನ್ನೂ ಕಲ್ಲಾಗುತ್ತಿರುವಾಗಲೇ, ಹುಲ್ಲಿನ ಗೂಡಿನಲ್ಲಿ ಒಂದು ಬೆಳಗ್ಗೆ ಮೊದಲ ಮೊಟ್ಟೆ ಕಾಣಿಸುತ್ತದೆ.